ಡಗೌಟಿನ ಶಾನುಭೋಗರು

ಹಳೇ ಮೈಸೂರಿನ ಹಳ್ಳಿಗಳಲ್ಲಿ ಶಾನುಭೋಗರು ಎಂಬ ಒಬ್ಬರಿರುತ್ತಿದ್ದರು. ನೇಗಿಲು ಹಿಡಿದವರಲ್ಲ, ಕಳೆ ಕಿತ್ತವರಲ್ಲ, ಕಣದಲ್ಲಿ ರಾಗಿ ತೂರಿದವರಲ್ಲ. ಆದರೆ ಹೊಲ ಯಾರದು, ಬೆಳೆ ಎಷ್ಟು, ಬಾಕಿ ಯಾರ ತಲೆ ಮೇಲೆ ಎಂಬುದೆಲ್ಲ ಅವರ ಕಂಕುಳಲ್ಲಿದ್ದ ಕಡತದಲ್ಲಿ ಇರುತ್ತಿತ್ತು. ಮೂರು ತಲೆಮಾರಿನಿಂದ ಉತ್ತವನು ಎದುರಿಗೆ ನಿಂತು "ಇದು ನನ್ನ ಹೊಲ ಸ್ವಾಮಿ" ಅಂದರೆ, ಅವರು ಕನ್ನಡಕ ಸರಿಮಾಡಿಕೊಂಡು "ಹಾಗಂತ ನೀನು ಹೇಳ್ತೀಯ, ಪುಸ್ತಕ ಹೇಳಬೇಕಲ್ಲಪ್ಪ" ಅನ್ನುತ್ತಿದ್ದರು. ಸರ್ಕಾರ ಕಾನೂನು ತಂದು ಆ ವಂಶಪಾರಂಪರ್ಯದ ಹುದ್ದೆಯನ್ನು ತೆಗೆದುಹಾಕಿತು. ಸದ್ಯ, ತೊಲಗಿತು ಎಂದುಕೊಂಡಿದ್ದೆವು. ಈಗ ನೋಡಿದರೆ ಅವರು ಕಡತ ಬಿಟ್ಟು ಲ್ಯಾಪ್‌ಟಾಪ್ ಹಿಡಿದು, ತಂಡದ ಬಣ್ಣದ ಟೀ ಶರ್ಟ್ ತೊಟ್ಟು, ಕೋಚ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಅರ್ಧ ಶತಕ ಹೊಡೆದವನು ಬೆವರು ಒರೆಸಿಕೊಳ್ಳುತ್ತ ಬಂದು "ಚೆನ್ನಾಗಿ ಆಡಿದೆ ಅಲ್ವಾ ಸಾರ್?" ಅಂದರೆ, ಪರದೆ ನೋಡುತ್ತಲೇ ಅದೇ ಉತ್ತರ ಕೊಡುತ್ತಾರೆ.

ನನ್ನ ಅಕ್ಕನ ಮಗ ಈ ಹೊಸ ಶಾನುಭೋಗಿಕೆಯಲ್ಲಿದ್ದಾನೆ. ಎಂಜಿನಿಯರಿಂಗ್ ಮುಗಿಸಿ, ಎರಡು ವರ್ಷ ಅಮೆರಿಕದವರ ವಿಮೆಯ ಲೆಕ್ಕ ನೋಡಿ, ಈಗ ಕ್ರಿಕೆಟ್ ತಂಡಗಳಿಗೆ ಅಂಕಿಅಂಶ ಒದಗಿಸುವ ಕಚೇರಿ ಸೇರಿದ್ದಾನೆ. ಚಿಕ್ಕವನಿದ್ದಾಗ ಹನುಮಂತನಗರದ ಬೀದಿಯಲ್ಲಿ ಹುಡುಗರು ಇವನನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಯಾರದೋ ಮನೆ ಗೇಟಿನ ಬಳಿ ನಿಲ್ಲಿಸುತ್ತಿದ್ದರು. ಮೋರಿಗೆ ಬಿದ್ದ ಚೆಂಡು ತೆಗೆಯುವುದಷ್ಟೇ ಇವನ ಕೆಲಸ. ಪಾಪ, ಸೇಡು ತೀರಿಸಿಕೊಂಡಿದ್ದಾನೆ. ಈಗ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಸಂಬಳವೂ ಬರುತ್ತದೆ.

ಅವನ ಅಪ್ಪ, ಅಂದರೆ ನಮ್ಮ ಭಾವನವರು, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು. ರೇಡಿಯೊ ಕಾಮೆಂಟರಿಯ ಕಾಲದಿಂದ ಸ್ಕೋರ್ ಬರೆಯುವ ಚಟ. ಉದ್ದನೆಯ ನೋಟ್‌ಬುಕ್ಕು, ಕೆಂಪು ನೀಲಿ ಪೆನ್ನು, ಓವರಿಗೆ ಆರು ಚೌಕ. ಬೀರುವಿನ ಮೇಲೆ ಅಂಥ ಪುಸ್ತಕಗಳ ದೊಡ್ಡ ಕಟ್ಟೇ ಇದೆ. ದೀಪಾವಳಿ ಬಂದಾಗಲೆಲ್ಲ ಅಕ್ಕ ರದ್ದಿಗೆ ಹಾಕುತ್ತೇನೆಂದು ಹೆದರಿಸುತ್ತಾಳೆ. ಹಾಗಾಗಿ ಆ ಮನೆಯಲ್ಲಿ ಲೆಕ್ಕ ಇಡುವವರು ಇಬ್ಬರು. ಒಬ್ಬರು ಆಟ ನಡೆದಂತೆಲ್ಲ ನೆನಪಿಗೆಂದು ಬರೆಯುತ್ತಾರೆ. ಇನ್ನೊಬ್ಬ ಆಟ ಶುರುವಾಗುವ ಮೊದಲೇ ತೀರ್ಪು ಬರೆದಿಟ್ಟಿರುತ್ತಾನೆ.

"ನಿನ್ನೆ ಆ ಹುಡುಗ ಎಂಥ ಕವರ್ ಡ್ರೈವ್ ಹೊಡೆದ ನೋಡಿದ್ಯೇನೋ?" ಎಂದು ಭಾವ ಶುರು ಮಾಡುತ್ತಾರೆ.

"ಅಪ್ಪ, ಅದು ಒಂದೇ ಇನಿಂಗ್ಸ್. ಸ್ಯಾಂಪಲ್ ಸಾಲದು."

ಅಡುಗೆ ಮನೆಯಿಂದ ಅಕ್ಕ: "ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಸಾಕು ಕಣೋ. ನೀನೇನು ತಪ್ಪಲೆಯೆಲ್ಲ ಹಿಸುಕಿ ನೋಡ್ತೀಯ?"

ಸ್ಯಾಂಪಲ್ ಸಾಲದು ಎಂಬ ಈ ಮಾತು ಬಲು ಉಪಕಾರಿ. ಹೇಳಿದ್ದು ನಿಜವಾದರೆ ಅದು ಡೇಟಾ. ಸುಳ್ಳಾದರೆ ಸ್ಯಾಂಪಲ್ ಸಾಲದು. ಆದರೆ ಟಿವಿಯಲ್ಲಿ ಮಾತ್ರ ಸ್ಯಾಂಪಲ್ಲಿಗೆ ಯಾವತ್ತೂ ಬರವಿಲ್ಲ. ಇಬ್ಬನಿ ಬಿದ್ದ ಮೇಲೆ, ಎರಡನೇ ಇನಿಂಗ್ಸಿನಲ್ಲಿ, ಏಳನೇ ಓವರಿನಿಂದ ಹನ್ನೊಂದನೇ ಓವರಿನೊಳಗೆ, ಎಡಗೈ ಸ್ಪಿನ್ನರ್ ಎದುರು ಈತನ ಸ್ಟ್ರೈಕ್ ರೇಟ್ ಇಷ್ಟು ಎಂದು ಪರದೆ ತುಂಬ ಅಕ್ಷರ ಬರುತ್ತದೆ. ಒಟ್ಟು ಎಷ್ಟು ಎಸೆತ ಎಂದು ಕೇಳಿ ನೋಡಿ. ಬೆರಳಲ್ಲಿ ಎಣಿಸಬಹುದು, ಕೆಲವು ಬೆರಳು ಉಳಿಯುತ್ತವೆ.

ಸರಾಸರಿ ಎಂಬ ದೇವರಂತೂ ಇವರ ಮನೆದೇವರು. ನಮ್ಮ ಆರ್‌ಸಿಬಿಯನ್ನೇ ತೆಗೆದುಕೊಳ್ಳಿ. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪುಣೆ ತಂಡದ ಎದುರು 5 ವಿಕೆಟ್‌ಗೆ 263 ಹೊಡೆಯಿತು. ಕ್ರಿಸ್ ಗೇಲ್ ಒಬ್ಬರೇ 66 ಎಸೆತಕ್ಕೆ 175. ಸರಿಯಾಗಿ ನಾಲ್ಕು ವರ್ಷ ಕಳೆದು, 2017ರ ಏಪ್ರಿಲ್ 23ರಂದು, ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಅದೇ ಆರ್‌ಸಿಬಿ 49ಕ್ಕೆ ಆಲೌಟ್. ಹತ್ತು ಓವರ್ ಕೂಡ ಆಡಲಿಲ್ಲ. ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಇದ್ದ ತಂಡದಲ್ಲಿ ಒಬ್ಬನೂ ಎರಡಂಕಿ ಮುಟ್ಟಲಿಲ್ಲ. ಈಗ ಎರಡನ್ನೂ ಕೂಡಿ ಭಾಗಿಸಿ: 156. ಗೌರವಾನ್ವಿತ ಮೊತ್ತ. ಏಪ್ರಿಲ್ 23ರಂದು ಆರ್‌ಸಿಬಿ ಸ್ಥಿರ ಪ್ರದರ್ಶನ ನೀಡುತ್ತದೆ ಎಂದು ವರದಿಯಲ್ಲಿ ಬರೆಯಬಹುದು. ನಾನಿದನ್ನು ತಮಾಷೆಗೆ ಹೇಳಿದರೆ ಅಳಿಯ ಗಂಭೀರವಾಗಿ "ಮಾಮ, ಸ್ಟ್ಯಾಂಡರ್ಡ್ ಡೀವಿಯೇಷನ್ ಕೂಡ ನೋಡಬೇಕು" ಅಂದ. ಆ ಎರಡೂ ದಿನ ನಾನು ಟಿವಿ ಮುಂದಿದ್ದೆ. ಡೀವಿಯೇಷನ್ ಎಷ್ಟೆಂದು ನನ್ನ ರಕ್ತದೊತ್ತಡವೇ ಹೇಳಿತ್ತು.

ಲೆಕ್ಕದ ನಿಜವಾದ ವೈಭವ ನೋಡಬೇಕೆಂದರೆ ಹರಾಜಿಗೆ ಹೋಗಬೇಕು. ಉದ್ದನೆಯ ಮೇಜು, ಅದರ ಸುತ್ತ ಸೂಟಿನವರು, ಪ್ರತಿಯೊಬ್ಬರ ಮುಂದೆ ಪರದೆ. ನಮ್ಮೂರ ದನದ ಜಾತ್ರೆಯಲ್ಲಿ ಹೋರಿಯ ಹಲ್ಲು ಹಿಡಿದು ನೋಡುತ್ತಾರೆ, ಸುಳಿ ನೋಡುತ್ತಾರೆ, ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಇಲ್ಲಿ ಹಲ್ಲು ನೋಡುವುದಿಲ್ಲ, ಅಷ್ಟೇ ವ್ಯತ್ಯಾಸ. 2024ರ ನವೆಂಬರಿನಲ್ಲಿ ಸೌದಿಯ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ಲಖನೌ ತಂಡ ಋಷಭ್ ಪಂತ್ ಅವರನ್ನು 27 ಕೋಟಿ ರೂಪಾಯಿಗೆ ಕೊಂಡಿತು. ಐಪಿಎಲ್ ಕಂಡ ಅತಿ ದೊಡ್ಡ ಕೂಗು ಅದು. ಮುಂದಿನ ಬೇಸಿಗೆಯಲ್ಲಿ ಅವರು ಹೊಡೆದದ್ದು 269 ರನ್. ಅದರಲ್ಲಿ 118 ಬಂದದ್ದು ಕೊನೆಯ ಪಂದ್ಯದಲ್ಲಿ. ತಂಡ ಗಂಟುಮೂಟೆ ಕಟ್ಟಿಕೊಂಡ ಮೇಲೆ, ನಮ್ಮ ಆರ್‌ಸಿಬಿ ಮೇಲೇ. ನಾನು ಹಾಲಿನ ಚೀಟಿಯ ಹಿಂದೆ ಭಾಗಾಕಾರ ಹಾಕಿದೆ. ರನ್ ಒಂದಕ್ಕೆ ಹತ್ತು ಲಕ್ಷ ಚಿಲ್ಲರೆ. ಒಂಟಿ ರನ್ ಓಡಿದರೆ ಒಂದು ಕಾರು.

"ಮಾಮ, ಹಾಗೆಲ್ಲ ಭಾಗಿಸಬಾರದು" ಅಂದ ಅಳಿಯ. "ನಾಯಕತ್ವ, ಕೀಪಿಂಗ್, ಬ್ರ್ಯಾಂಡ್, ಅದಕ್ಕೆಲ್ಲ ಬೆಲೆ ಇದೆ."

ಇರಬಹುದು. ಆದರೆ ಅವಕ್ಕೆಲ್ಲ ಸಂಖ್ಯೆ ಹಚ್ಚುವುದು ಕಷ್ಟ ಎಂದು ಅವನ ಬಾಯಿಂದಲೇ ಬಂತಲ್ಲ, ನನಗೆ ಅಷ್ಟು ಸಾಕಿತ್ತು. ಭಾಗಾಕಾರ ಮಾಡುವ ಹಕ್ಕು ಶಾನುಭೋಗರಿಗೆ ಮಾತ್ರ. ರೈತ ಬೆರಳು ಮಡಿಸಿದರೆ ತಪ್ಪು. ನಮ್ಮ ಕರ್ನಾಟಕದ ಕೃಷ್ಣಪ್ಪ ಗೌತಮ್ ಅವರನ್ನು 2021ರಲ್ಲಿ ಚೆನ್ನೈ ತಂಡ 9.25 ಕೋಟಿಗೆ ಕೊಂಡಿತ್ತು. ಭಾರತಕ್ಕೆ ಇನ್ನೂ ಆಡಿರದ ಆಟಗಾರನಿಗೆ ಆವರೆಗೆ ಅಷ್ಟು ಬೆಲೆ ಬಂದಿರಲಿಲ್ಲ. ಆ ಋತುವಿನಲ್ಲಿ ಅವರನ್ನು ಒಂದೇ ಒಂದು ಪಂದ್ಯಕ್ಕೂ ಇಳಿಸಲಿಲ್ಲ. ಸೊನ್ನೆಯಿಂದ ಭಾಗಿಸಬಾರದು ಎಂದು ಪ್ರೈಮರಿ ಶಾಲೆಯ ಮೇಷ್ಟರು ಹೇಳಿಕೊಟ್ಟದ್ದರಿಂದ ಆ ಲೆಕ್ಕ ಹಾಗೇ ಬಿಟ್ಟೆ.

ಇವೆರಡಕ್ಕಿಂತ ನನಗೆ ಪ್ರಿಯವಾದ ಕಥೆ ಶಶಾಂಕ್ ಸಿಂಗ್ ಅವರದು. 2023ರ ಡಿಸೆಂಬರಿನ ಹರಾಜು, ದುಬೈ. ಪಂಜಾಬ್ ತಂಡ ಕೈ ಎತ್ತಿತು, 20 ಲಕ್ಷಕ್ಕೆ ಸುತ್ತಿಗೆ ಬಿತ್ತು. ಆಮೇಲೆ ಮೇಜಿನಲ್ಲಿ ಗುಸುಗುಸು: ಇವನಾ, ಅವನಾ? ನಮಗೆ ಬೇಡ ಎಂದು ಹಿಂದಕ್ಕೆ ಕೊಡಲು ನೋಡಿದರು. ಸುತ್ತಿಗೆ ಬಿದ್ದಾಯಿತು, ಇನ್ನು ಆಗದು ಎಂದಿತು ಹರಾಜಿನ ವೇದಿಕೆ. ಪಟ್ಟಿಯಲ್ಲಿ ಅದೇ ಹೆಸರಿನ ಇಬ್ಬರಿದ್ದರು, ನಮಗೆ ಬೇಕಾದವರೇ ಸಿಕ್ಕಿದ್ದಾರೆ ಎಂದು ತಂಡ ಆಮೇಲೆ ವಿವರಣೆ ಕೊಟ್ಟಿತು. ಇರಲಿ. ಮದುವೆ ಮನೆಯಲ್ಲಿ ತಾಳಿ ಕಟ್ಟಿದ ಮೇಲೆ ಹುಡುಗಿ ಇವಳೇನಾ ಎಂದು ಕೇಳಿ, ಆಮೇಲೆ ಇವಳೇ ಎಂದು ಹಲ್ಲು ಕಿರಿದ ಹಾಗಾಯಿತು. ಆ ಮೇಜಿನ ಮೇಲೆ ಏನಿರಲಿಲ್ಲ? ಚೆಂಡು ಎಷ್ಟು ಸುತ್ತು ತಿರುಗುತ್ತದೆ, ಬ್ಯಾಟು ಯಾವ ಕೋನದಲ್ಲಿ ಬೀಸುತ್ತದೆ, ಎಲ್ಲವೂ ಇತ್ತು. ಆಳಿನ ಗುರುತೊಂದು ಬಿಟ್ಟು. ಮುಂದೆ 2024ರ ಏಪ್ರಿಲಿನಲ್ಲಿ ಗುಜರಾತ್ ಎದುರು ಅದೇ ಶಶಾಂಕ್ 29 ಎಸೆತಕ್ಕೆ 61 ಹೊಡೆದು, ಸೋಲಬೇಕಿದ್ದ ಪಂದ್ಯ ಗೆದ್ದುಕೊಟ್ಟರು. ಇವರ ಹೆಸರನ್ನು ನೆನಪಿಟ್ಟುಕೊಳ್ಳಿ; ಕಥೆಯ ಕೊನೆಗೆ ಇನ್ನೊಮ್ಮೆ ಬರುತ್ತಾರೆ.

ಈ ವಿದ್ಯೆಯ ಮೂಲಪುರುಷನ ಬಗ್ಗೆ ನನಗೆ ಗೌರವವಿದೆ, ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಕಾನ್ಸಾಸಿನಲ್ಲಿ ಬಿಲ್ ಜೇಮ್ಸ್ ಎಂಬಾತ, ಬೀನ್ಸು ಮತ್ತು ಹಂದಿಮಾಂಸ ಡಬ್ಬಿಗೆ ತುಂಬುವ ಕಾರ್ಖಾನೆಯ ರಾತ್ರಿ ಕಾವಲುಗಾರ. ಕಾವಲು ಕಾಯುತ್ತ ಬೇಸ್‌ಬಾಲಿನ ಅಂಕಿಗಳನ್ನು ಕೆದಕಿ, 1977ರಲ್ಲಿ ತಾನೇ ಪುಸ್ತಕ ಅಚ್ಚು ಹಾಕಿಸಿದ. ನೀವು ದೊಡ್ಡ ಆಟಗಾರ ಎನ್ನುವವನು ಅಷ್ಟೇನೂ ದೊಡ್ಡವನಲ್ಲ, ನೀವು ಕಡೆಗಣಿಸಿದವನೇ ತಂಡ ಗೆಲ್ಲಿಸುತ್ತಿದ್ದಾನೆ ಎಂದು ಆಟದ ಗೌಡರಿಗೆಲ್ಲ ಮುಖಕ್ಕೆ ಹೇಳಿದ. ಕ್ರಿಕೆಟ್ಟಿನಲ್ಲಿ ನೈಟ್ ವಾಚ್‌ಮನ್ ಎಂದರೆ ಸಂಜೆ ಹೊತ್ತಿಗೆ ಬಲಿಕೊಡಲು ಕಳಿಸುವ ಬಾಲಂಗೋಚಿ. ಬೇಸ್‌ಬಾಲಿನಲ್ಲಿ ಒಬ್ಬ ನಿಜವಾದ ನೈಟ್ ವಾಚ್‌ಮನ್ ಯಜಮಾನರನ್ನೇ ಔಟ್ ಮಾಡಿದ. ಓಕ್ಲೆಂಡ್ ಎಂಬ ಬಡ ತಂಡ ಆ ದಾರಿ ಹಿಡಿದು, ನ್ಯೂಯಾರ್ಕಿನ ಸಾಹುಕಾರ ತಂಡ ಸಂಬಳಕ್ಕೆ ಸುರಿಯುತ್ತಿದ್ದ ಹಣದ ಮೂರನೇ ಒಂದು ಪಾಲಿನಲ್ಲಿ, 2002ರಲ್ಲಿ ಸತತ 20 ಪಂದ್ಯ ಗೆದ್ದಿತು. ಪುಸ್ತಕ ಬಂತು, ಸಿನಿಮಾ ಬಂತು. ಕಪ್ಪು ಮಾತ್ರ ಬರಲಿಲ್ಲ.

ಆಮೇಲೇನಾಯಿತು? ಬಾಸ್ಟನ್ನಿನ ಸಾಹುಕಾರ ತಂಡ ಬಿಲ್ ಜೇಮ್ಸನನ್ನೇ ಕೆಲಸಕ್ಕಿಟ್ಟುಕೊಂಡಿತು, 2004ರಲ್ಲಿ ಕಪ್ ಎತ್ತಿತು. ಬಡವನ ಉಪಾಯವೂ ಸೇರಿ ಸಾಹುಕಾರನ ಕಣಜ ಇನ್ನಷ್ಟು ತುಂಬಿತು. ಓಕ್ಲೆಂಡ್ ತಂಡ 2024ರ ಬಳಿಕ ಓಕ್ಲೆಂಡ್ ಊರನ್ನೇ ಬಿಟ್ಟು ಹೊರಟಿತು. ಯಜಮಾನನನ್ನು ಪ್ರಶ್ನಿಸಲು ಹುಟ್ಟಿದ ಲೆಕ್ಕ ಈಗ ಯಜಮಾನನ ಕೈಯ ಬೆತ್ತ. ಸಂಬಳ ಯಾಕೆ ಏರಿಸಲಿಲ್ಲ, ತಂಡದಿಂದ ಯಾಕೆ ಕೈಬಿಟ್ಟಿರಿ ಎಂದು ಆಟಗಾರ ಕೇಳಿದರೆ ಮೊದಲು ಆಯ್ಕೆಗಾರ ನೆಲ ನೋಡುತ್ತಿದ್ದ. ಈಗ ಪರದೆ ತಿರುಗಿಸಿ ತೋರಿಸುತ್ತಾನೆ. ಮುಜುಗರ ತಪ್ಪಿತು.

ಭಾವನವರಿಗೆ ಮೈ ಉರಿಯುವುದು ಮ್ಯಾಚ್‌ಅಪ್ ಎಂಬ ಶಬ್ದ ಕೇಳಿದಾಗ. ಎಡಗೈ ಬ್ಯಾಟ್ಸ್‌ಮನ್ ಕ್ರೀಸಿಗೆ ಬಂದರೆ ಎಡಗೈ ಸ್ಪಿನ್ನರ್ ಕೈಗೆ ಚೆಂಡು ಕೊಡಕೂಡದು. ಲೆಕ್ಕ ಹಾಗೆ ಹೇಳುತ್ತದೆ. ಹಿಂದಿನ ಓವರಿನಲ್ಲಿ ಎರಡು ವಿಕೆಟ್ ಕಿತ್ತ ಹುಡುಗ ಲಾಂಗ್ ಆನ್‌ನಲ್ಲಿ ಕೈಕಟ್ಟಿ ನಿಂತಿರುತ್ತಾನೆ. "ಎಡಗೈಯವನು ಬಂದ ಅಂತ ಬಿಷನ್ ಬೇಡಿ ಚೆಂಡು ವಾಪಸ್ ಕೊಡ್ತಿದ್ದರೇನೋ?" ಎಂದು ಭಾವ ಮಗನನ್ನು ಕೇಳುತ್ತಾರೆ. ಲೆಕ್ಕದಲ್ಲಿ ಸತ್ಯವಿಲ್ಲ ಎಂದಲ್ಲ. ಒಳಕ್ಕೆ ತಿರುಗುವ ಚೆಂಡನ್ನು ಹೊಡೆಯುವುದು ಸುಲಭ, ಅದು ಟೆನಿಸ್ ಬಾಲ್ ಆಡುವ ಹುಡುಗನಿಗೂ ಗೊತ್ತು. ಆದರೆ ಗೊತ್ತಿರುವುದು ಒಂದು, ಅದಕ್ಕೆ ಅಡ್ಡಬೀಳುವುದು ಇನ್ನೊಂದು.

ಬಿ.ಎಸ್. ಚಂದ್ರಶೇಖರ್ ಅವರನ್ನು ಈಗಿನ ಪರದೆಯ ಮುಂದೆ ನಿಲ್ಲಿಸಿ ನೋಡೋಣ. ಮೈಸೂರಿನ ಹುಡುಗ. ಬಾಲ್ಯದಲ್ಲಿ ಪೋಲಿಯೊ ಬಡಿದು ಬಲಗೈ ಸೊರಗಿದೆ. ಬೌಲಿಂಗ್ ಮಾಡುವುದು ಅದೇ ಕೈಯಲ್ಲಿ. ಚೆಂಡು ಯಾವ ಕಡೆ ತಿರುಗುತ್ತದೆಂದು ಬ್ಯಾಟ್ಸ್‌ಮನ್‌ಗಿರಲಿ, ಅವರಿಗೇ ಗೊತ್ತಿರುತ್ತಿರಲಿಲ್ಲ ಎಂಬ ಪ್ರತೀತಿ. ಗಾಯದ ಅಪಾಯ: ಅತ್ಯಧಿಕ. ನಿಯಂತ್ರಣ: ಕಳಪೆ. ಬ್ಯಾಟಿಂಗ್: ಕೇಳಲೇಬೇಡಿ, ಟೆಸ್ಟ್‌ನಲ್ಲಿ 242 ವಿಕೆಟ್ ತೆಗೆದವರು ಜೀವಮಾನವಿಡೀ ಹೊಡೆದದ್ದು 167 ರನ್. ಶಿಫಾರಸು: ಬೇಡ. ಅವರು 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆದ್ದುಕೊಟ್ಟರು. "ಔಟ್‌ಲಯರ್ ಮಾಮ" ಅನ್ನುತ್ತಾನೆ ಅಳಿಯ. ಗುಂಪಿಗೆ ಸೇರದ ಅಂಕಿಯನ್ನು ಪಕ್ಕಕ್ಕೆ ಎತ್ತಿಡುವುದಕ್ಕೆ ಅವರಲ್ಲಿ ಹಾಗೆ ಹೇಳುತ್ತಾರಂತೆ. ನಾವು ಟಿಕೆಟ್ ತೆಗೆದುಕೊಂಡು ನೋಡಲು ಹೋಗುತ್ತಿದ್ದದ್ದು ಆ ಪಕ್ಕಕ್ಕಿಟ್ಟವರನ್ನೇ.

ಇಂಗ್ಲೆಂಡಿನವರು ಇನ್ನೊಂದು ಹೆಜ್ಜೆ ಮುಂದೆ. 2020ರಲ್ಲಿ ದಕ್ಷಿಣ ಆಫ್ರಿಕಾದ ಟಿ20 ಸರಣಿಯಲ್ಲಿ ಅವರ ವಿಶ್ಲೇಷಕ ನೇಥನ್ ಲೀಮನ್ ಬಾಲ್ಕನಿಯಲ್ಲಿ ಕೂತು 2ಸಿ, 4ಇ ಎಂಬ ಸಂಕೇತದ ಫಲಕ ತೋರಿಸುತ್ತಿದ್ದರು; ನಾಯಕ ಮಾರ್ಗನ್ ಕೆಳಗಿನಿಂದ ನೋಡಿಕೊಳ್ಳುತ್ತಿದ್ದರು. ಬೀಗರು ಊಟಕ್ಕೆ ಕೂತಾಗ ನಮ್ಮಜ್ಜಿ ಅಡುಗೆ ಮನೆ ಬಾಗಿಲ ಸಂದಿಯಿಂದ ಒಬ್ಬಟ್ಟು ಮುಗಿಯಿತು, ಅನ್ನಕ್ಕೆ ಹೋಗು ಎಂದು ಸನ್ನೆ ಮಾಡುತ್ತಿದ್ದರು. ಅಜ್ಜಿಯ ಸನ್ನೆ ಬೀಗರಿಗೆ ತಿಳಿಯುತ್ತಿರಲಿಲ್ಲ. ಇದು ನೇರಪ್ರಸಾರದಲ್ಲಿ ಜಗತ್ತಿಗೆಲ್ಲ ಕಾಣಿಸಿತು.

ಶಾನುಭೋಗರ ಲೆಕ್ಕ ಯಾವತ್ತು ಇಡೀ ಊರಿಗೇ ಕುತ್ತಾಗುತ್ತದೆಂದು ತಿಳಿಯಲು ಮಳೆ ಬರಬೇಕು. 1992ರ ವಿಶ್ವಕಪ್ ಸೆಮಿಫೈನಲ್, ಸಿಡ್ನಿ. ದಕ್ಷಿಣ ಆಫ್ರಿಕಾಕ್ಕೆ 13 ಎಸೆತಕ್ಕೆ 22 ರನ್ ಬೇಕಿತ್ತು. ಹನ್ನೆರಡು ನಿಮಿಷ ಮಳೆ. ಮರಳಿ ಬಂದು ನೋಡಿದರೆ ಮೈದಾನದ ಫಲಕದಲ್ಲಿ ಒಂದು ಎಸೆತಕ್ಕೆ 22. ತಪ್ಪಾಗಿತ್ತಂತೆ, ನಿಜವಾಗಿ 21. ಆ ಒಂದು ರನ್ನಿನ ರಿಯಾಯಿತಿಗಾಗಿ ಆಫ್ರಿಕನ್ನರು ಎಷ್ಟು ಕೃತಜ್ಞರಾಗಿದ್ದರೋ. ಈ ನಗೆಪಾಟಲಿನಿಂದಲೇ ಡಕ್‌ವರ್ತ್ ಮತ್ತು ಲೂಯಿಸ್ ಎಂಬ ಇಬ್ಬರು ಲೆಕ್ಕಿಗರು ಮುಂದೆ ಬಂದರು. ಉಳಿದ ಓವರು, ಉಳಿದ ವಿಕೆಟ್ಟು ಎರಡೂ ಸೇರಿ ತಂಡದ ಬಂಡವಾಳ, ಮಳೆ ಎಷ್ಟು ಬಂಡವಾಳ ನುಂಗಿತೋ ಅಷ್ಟು ಗುರಿ ಬದಲಾಗಬೇಕು ಎಂದರು. 1997ರಿಂದ ಜಾರಿ. ನ್ಯಾಯವಾದ ಲೆಕ್ಕ, ಅದರಲ್ಲಿ ನನ್ನ ತಕರಾರಿಲ್ಲ.

ಆದರೆ ನ್ಯಾಯವಾದ ಕಡತವನ್ನೂ ಓದಲು ಬರಬೇಕಲ್ಲ. 2003ರ ವಿಶ್ವಕಪ್, ಡರ್ಬನ್, ಎದುರಾಳಿ ಶ್ರೀಲಂಕಾ, ಮತ್ತೆ ದಕ್ಷಿಣ ಆಫ್ರಿಕಾ, ಮತ್ತೆ ಮಳೆ. ಒಳಗಿಂದ ಚೀಟಿ ಬಂತು: 45 ಓವರ್ ಮುಗಿಯುವಾಗ 229. ಮಾರ್ಕ್ ಬೌಷರ್ ಮುರಳೀಧರನ್ ಅವರನ್ನು ಸಿಕ್ಸರಿಗೆ ಎತ್ತಿ 229 ಮುಟ್ಟಿಸಿದರು, ಕೊನೆಯ ಎಸೆತವನ್ನು ಜೋಪಾನವಾಗಿ ತಡೆದರು. ವಿಕೆಟ್ ಉಳಿಯಲಿ ಎಂಬ ವಿವೇಕ. ಮಳೆ ಜೋರಾಯಿತು, ಆಟ ನಿಂತಿತು. ಆಗ ತಿಳಿಯಿತು, 229 ಗೆಲ್ಲುವ ಸಂಖ್ಯೆಯಲ್ಲ, ಸರಿಸಮಕ್ಕೆ ನಿಲ್ಲುವ ಸಂಖ್ಯೆ. ಆತಿಥೇಯ ದೇಶವೇ ವಿಶ್ವಕಪ್ಪಿನಿಂದ ಹೊರಗೆ. ಆ ಕೊನೆಯ ಚೆಂಡಿಗೆ ಒಂದು ರನ್ ಓಡಬೇಡವೆಂದು ಆಟದ ಯಾವ ಬುದ್ಧಿಯೂ ಹೇಳಿರಲಾರದು. ಹೇಳಿದ್ದು ಕಾಗದ.

2019ರ ಫೈನಲ್ ಬಗ್ಗೆ ಹೆಚ್ಚು ಬರೆದರೆ ನ್ಯೂಜಿಲೆಂಡಿನವರು ಈಗಲೂ ಅತ್ತುಬಿಡುತ್ತಾರೆ. ಎರಡೂ ತಂಡ 241. ಸೂಪರ್ ಓವರಿನಲ್ಲಿ ಎರಡೂ ತಂಡ 15. ಕೊನೆಗೆ ಬೌಂಡರಿ ಎಣಿಸಿದರು: ಇಂಗ್ಲೆಂಡ್ 26, ನ್ಯೂಜಿಲೆಂಡ್ 17. ಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ಅಂಕ ಬಂದಿದೆ, ಯಾರ ಉತ್ತರ ಪತ್ರಿಕೆಯಲ್ಲಿ ಅಕ್ಷರ ದಪ್ಪಗಿದೆಯೋ ಅವನಿಗೆ ರ‍್ಯಾಂಕ್ ಎಂದಂತೆ. ಮೂರು ತಿಂಗಳಲ್ಲಿ ಆ ನಿಯಮವನ್ನು ಸದ್ದಿಲ್ಲದೆ ತೆಗೆದರು. ಕಪ್ ಮಾತ್ರ ಹೋದಲ್ಲೇ ಉಳಿಯಿತು.

ಭಾವನವರ ಕಟ್ಟಿನಲ್ಲಿ 2008ರ ಜನವರಿಯ ಸಿಡ್ನಿ ಟೆಸ್ಟಿನ ಪುಸ್ತಕವಿದೆ. ಅದರ ಒಂದು ಪುಟ ತೆರೆದರೆ ರಾಹುಲ್ ದ್ರಾವಿಡ್ ಹೆಸರಿನ ಮುಂದೆ ಬರೀ ಚುಕ್ಕಿ. 18 ರನ್ನಿನಲ್ಲಿ ನಿಂತ ದ್ರಾವಿಡ್ 40 ಎಸೆತ ಅಲ್ಲೇ ನಿಂತರು. ಕೊನೆಗೊಂದು ರನ್ ಕದ್ದಾಗ ಇಡೀ ಸಿಡ್ನಿ ಮೈದಾನ ಚಪ್ಪಾಳೆ ತಟ್ಟಿತು, ದ್ರಾವಿಡ್ ನಗುತ್ತ ಶತಕ ಹೊಡೆದವರಂತೆ ಬ್ಯಾಟ್ ಎತ್ತಿದರು. ಅಳಿಯ ಆ ಪುಟ ನೋಡಿ "ಡಾಟ್ ಬಾಲ್ ನೂರಕ್ಕೆ ನೂರು, ಇದು ಬಗ್ ಇರಬೇಕು" ಅಂದ. ಟೆಸ್ಟ್ ಕ್ರಿಕೆಟ್ಟಿನಲ್ಲಿ 31,258 ಎಸೆತ ಎದುರಿಸಿದ ಮನುಷ್ಯನನ್ನು ಬಗ್ ಅಂದದ್ದಕ್ಕೆ ಆ ರಾತ್ರಿ ಅವನಿಗೆ ಭಾವ ಮೊಸರನ್ನಕ್ಕೆ ಉಪ್ಪಿನಕಾಯಿ ಬಡಿಸಲು ಬಿಡಲಿಲ್ಲ.

ಇನ್ನೊಂದು ಪುಟ 1999ರ ಫೆಬ್ರವರಿ 7, ದೆಹಲಿ. ಪಾಕಿಸ್ತಾನದ ಒಂಬತ್ತು ವಿಕೆಟ್ ಅನಿಲ್ ಕುಂಬ್ಳೆ ಪಾಲಾಗಿವೆ. ಇನ್ನೊಂದು ತುದಿಯಲ್ಲಿ ಜಾವಗಲ್ ಶ್ರೀನಾಥ್. ಕೊನೆಯ ವಿಕೆಟ್ ತಪ್ಪಿಯೂ ತನಗೆ ಬೀಳಬಾರದೆಂದು ಶ್ರೀನಾಥ್ ಚೆಂಡನ್ನು ಸ್ಟಂಪಿನಿಂದ ದೂರ ದೂರ ಹಾಕಿದರು, ವೈಡ್ ಆದರೂ ಸರಿ ಎಂದು. ಮುಂದಿನ ಓವರಿನಲ್ಲಿ ಕುಂಬ್ಳೆಗೆ ಹತ್ತನೆಯದು ಸಿಕ್ಕಿತು, 74ಕ್ಕೆ 10. ಈಗಿನ ವರದಿಯಲ್ಲಿ ಶ್ರೀನಾಥರ ಆ ಓವರ್ ಎದುರು ಕೆಂಪು ಗುರುತು ಬೀಳುತ್ತಿತ್ತು: ನಿಖರತೆ ಕುಸಿತ, ಗಮನಿಸಿ. ಇಬ್ಬರೂ ನಮ್ಮ ಕರ್ನಾಟಕದವರು, ಇಬ್ಬರೂ ಎಂಜಿನಿಯರಿಂಗ್ ಓದಿದವರು, ಲೆಕ್ಕ ಗೊತ್ತಿಲ್ಲದವರೇನಲ್ಲ.

ಶಾನುಭೋಗಿಕೆ ಡಗೌಟಿನಲ್ಲೇ ನಿಂತಿದ್ದರೆ ಹೇಗೋ ಸಹಿಸಬಹುದಿತ್ತು. ಮೊಬೈಲಿನ ಫ್ಯಾಂಟಸಿ ಆಟಗಳು ಅದನ್ನು ಮನೆಮನೆಗೆ ಹಂಚಿದವು. ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ಹುಡುಗ ಕೆರಿಬಿಯನ್ ಲೀಗಿನ ಆರನೇ ಕ್ರಮಾಂಕದ ಬ್ಯಾಟ್ಸ್‌ಮನ್‌ನ ಡೆತ್ ಓವರ್ ಸ್ಟ್ರೈಕ್ ರೇಟ್ ಬಾಯಲ್ಲಿ ಹೇಳುತ್ತಿದ್ದ, ನನ್ನ ಷರ್ಟ್ ಎಲ್ಲಿಟ್ಟಿದ್ದಾನೆಂದು ಹೇಳಲಾಗುತ್ತಿರಲಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಭಾರತ ತಂಡದ ಅಂಗಿಯ ಮೇಲಿದ್ದ ಪ್ರಾಯೋಜಕರ ಹೆಸರೇ ಅದರಿಂದ ಅಳಿಸಿಹೋಯಿತು. ಷರ್ಟ್ ಈಗ ಸಿಗುತ್ತಿದೆ.

ಇನ್ನು ಆ ರಾತ್ರಿ. 2025ರ ಜೂನ್ 3, ಅಹಮದಾಬಾದ್, ಐಪಿಎಲ್ ಫೈನಲ್. ವರ್ಷ ವರ್ಷವೂ ಈ ಸಲ ಕಪ್ ನಮ್ದೇ ಎನ್ನುತ್ತ ಬಂದ ಆರ್‌ಸಿಬಿ, ಎದುರಿಗೆ ಪಂಜಾಬ್. ಅಕ್ಕನ ಮನೆಯಲ್ಲಿ ನಾವೆಲ್ಲ. ಭಾವ ನಿಂತೇ ಇದ್ದರು, ಪುಸ್ತಕವನ್ನು ಬೀರುವಿಗೆ ಒತ್ತಿ ಹಿಡಿದು ಬರೆಯುತ್ತ. ಫೈನಲ್ ಎಂದರೆ ಅವರು ಕೂರುವುದಿಲ್ಲ. ಅದಕ್ಕೆ ಕಾರಣ 2016. ಚಿನ್ನಸ್ವಾಮಿಯಲ್ಲೇ ನಡೆದ ಆ ಫೈನಲ್‌ನಲ್ಲಿ ಹೈದರಾಬಾದ್ ಒಡ್ಡಿದ 209ರ ಗುರಿಗೆ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೇ 114 ಸೇರಿಸಿದ್ದರು. ಇನ್ನೇನು ಗೆದ್ದಾಯಿತೆಂದು ಭಾವ ಕಾಫಿ ಲೋಟ ಹಿಡಿದು ಕೂತರು, ಗೇಲ್ ಔಟಾದರು, ಎಂಟು ರನ್ನಿನಿಂದ ಕಪ್ ಹೋಯಿತು.

"ಒಂದೇ ಸಲ ಆಗಿದ್ದು, ಸ್ಯಾಂಪಲ್ ಸಾಲದು" ಎಂದು ಅಳಿಯ ಒಂಬತ್ತು ವರ್ಷದಿಂದ ಅಪ್ಪನನ್ನು ಆಡಿಕೊಳ್ಳುತ್ತ ಬಂದಿದ್ದ. ಅಂದು ಅವನ ಮಡಿಲಲ್ಲಿ ಲ್ಯಾಪ್‌ಟಾಪ್, ಅದರಲ್ಲಿ ಗೆಲುವಿನ ಶೇಕಡಾವಾರು ಎಸೆತಕ್ಕೊಮ್ಮೆ ಏರುತ್ತ ಇಳಿಯುತ್ತ. ಆ ಶೇಕಡಾವಾರನ್ನು ನಾನು ನಂಬುವುದಿಲ್ಲ. ಅದಕ್ಕೂ ಹಿಂದಿನ ವರ್ಷ ಬಾರ್ಬಡೋಸಿನ ಟಿ20 ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 30 ಎಸೆತಕ್ಕೆ 30 ರನ್ ಸಾಕಿತ್ತು, ಆರು ವಿಕೆಟ್ ಕೈಯಲ್ಲಿತ್ತು. ನಮ್ಮ ಕಡೆ ಬಾಕಿ ಇದ್ದದ್ದು ಪರದೆಯ ಮೂಲೆಯ ಸಣ್ಣ ಅಂಕಿ. ಕೊನೆಗೆ ಕಪ್ ಹಿಡಿದು ಕಿರುಚಿದವರು ನಮ್ಮ ಕೋಚ್ ದ್ರಾವಿಡ್, ಅದೇ ಬಗ್.

ಅಹಮದಾಬಾದಿನಲ್ಲಿ ಪಂಜಾಬಿಗೆ ಕೊನೆಯ ಓವರಿನಲ್ಲಿ 29 ಬೇಕಿತ್ತು. ಬೌಲರ್ ಹೇಜಲ್‌ವುಡ್. ಕ್ರೀಸಿನಲ್ಲಿ ಯಾರು? ಸುತ್ತಿಗೆ ಬಿದ್ದ ಮೇಲೆ ಹಿಂದಕ್ಕೆ ಕೊಡಲು ನೋಡಿದ್ದ ಶಶಾಂಕ್ ಸಿಂಗ್. ಮೊದಲ ಎರಡು ಎಸೆತ ರನ್ ಇಲ್ಲ. ನಾಲ್ಕು ಎಸೆತಕ್ಕೆ 29. ನಾಲ್ಕಕ್ಕೆ ನಾಲ್ಕೂ ಸಿಕ್ಸರ್ ಹೊಡೆದರೂ 24. ಬೌಲರನೇ ವೈಡು, ನೋ ಬಾಲು ದಾನ ಮಾಡದ ಹೊರತು ಪಂದ್ಯ ಮುಗಿದಿತ್ತು. ಕೊಹ್ಲಿ ಕಣ್ಣಲ್ಲಿ ನೀರು. ಅಕ್ಕ ದೇವರ ಮುಂದೆ ದೀಪ ಹಚ್ಚಲು ಎದ್ದಳು. ಮೂರು ಗಂಟೆ ನಿಂತಿದ್ದ ಭಾವ ಮಂಡಿ ನೀವಿಕೊಂಡು ಕುರ್ಚಿ ಎಳೆದರು.

ಲ್ಯಾಪ್‌ಟಾಪಿನಿಂದ ತಲೆ ಎತ್ತಿದ ಅಳಿಯ ಮನೆಯೇ ಹಾರುವಂತೆ ಕೂಗಿದ: "ಅಪ್ಪಾ, ಕೂರಬೇಡ! ನೋ ಬಾಲ್ ಬೀಳತ್ತೆ!"

ಭಾವ ಕೂರಲಿಲ್ಲ. ಶಶಾಂಕ್ ಸಿಕ್ಸರ್, ಬೌಂಡರಿ, ಸಿಕ್ಸರ್, ಸಿಕ್ಸರ್ ಹೊಡೆದರು. 30 ಎಸೆತಕ್ಕೆ 61. ಪಂಜಾಬ್ ಆರು ರನ್ನಿನಿಂದ ಸೋತಿತು. "ನೋಡಿದ್ಯಾ" ಅಂದ ಅಳಿಯ ಹಣೆ ಬೆವರು ಒರೆಸಿಕೊಳ್ಳುತ್ತ, "ನೀನು ಕೂತಿದ್ದಿದ್ರೆ ಮುಗೀತಿತ್ತು." ಅವನ ಪರದೆಯ ಮೇಲೆ ನೂರಕ್ಕೆ ನೂರು ಎಂದಿತ್ತು, ಆಗಲೇ ನಾಲ್ಕು ಎಸೆತದಿಂದ.

ಮರುದಿನ ಮಧ್ಯಾಹ್ನ ತಂಡ ಬೆಂಗಳೂರಿಗೆ ಬಂತು. ಅಳಿಯ ಆಫೀಸಿನಿಂದ ನೇರ ಚಿನ್ನಸ್ವಾಮಿಗೆ ಹೊರಟವನು, ಕಬ್ಬನ್ ಪಾರ್ಕ್ ದಾಟಲಾಗದೆ ಹಿಂದಿರುಗಿದ. ಸಂಜೆ ಹೊತ್ತಿಗೆ ಸುದ್ದಿ ಬಂತು. ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ 11 ಜನ ಸತ್ತಿದ್ದರು. 35 ಸಾವಿರ ಜನ ಹಿಡಿಸುವ ಜಾಗಕ್ಕೆ ಎರಡು ಮೂರು ಲಕ್ಷ ಜನ ಬಂದರು ಎಂದು ಮುಖ್ಯಮಂತ್ರಿಗಳು ಹೇಳಿದರು. ಎರಡು ಲಕ್ಷವೋ, ಮೂರು ಲಕ್ಷವೋ. ಬ್ಯಾಟ್ಸ್‌ಮನ್‌ನ ಸ್ಟ್ರೈಕ್ ರೇಟಿಗೆ ದಶಾಂಶದ ಮೇಲೆ ಎರಡು ಸ್ಥಾನ ಹಿಡಿದು ಲೆಕ್ಕ ಇಡುವ ಆಟದಲ್ಲಿ, ಬಾಗಿಲಿಗೆ ಬಂದ ಜನರ ಲೆಕ್ಕಕ್ಕೆ ಒಂದು ಲಕ್ಷದ ಚಿಲ್ಲರೆ ವ್ಯತ್ಯಾಸ. ಆ ಮೈದಾನದ ಯಾವ ಬದಿಯ ಬೌಂಡರಿ ಎಷ್ಟು ಮೀಟರ್ ಎಂದು ಅಳಿಯನಿಗೆ ಬಾಯಿಪಾಠ. ಗೇಟು ಎಷ್ಟು ಅಗಲ ಎಂದು ನಾನು ಕೇಳಿದೆ. "ಆ ಕಾಲಂ ಇಲ್ಲ ಮಾಮ" ಅಂದ.

ಭಾವನವರು ಫೈನಲ್ಲಿನ ಪುಟವನ್ನು ಅಂದ ಮಾಡಿ ಮುಗಿಸಿದ್ದರು, ಆರ್‌ಸಿಬಿಗೆ ಆರು ರನ್ ಜಯ ಎಂದು ಕೆಂಪು ಶಾಯಿಯಲ್ಲಿ. ಮೊನ್ನೆ ಅದನ್ನು ತೆಗೆದು ನೋಡಿದೆ. ಅದರ ಕೆಳಗೆ ನೀಲಿಯಲ್ಲಿ 4ನೇ ತಾರೀಕು ಹಾಕಿ 11 ಎಂದು ಬರೆದಿದ್ದಾರೆ. ಅದರ ಎದುರು, ಬೌಲರ್ ಹೆಸರು ಬರೆಯುವ ಜಾಗ ಖಾಲಿ ಬಿಟ್ಟಿದ್ದಾರೆ.